ಸೊನ್ನೆಗಳು

ಹೆಣ್ಣು ಖುಲಾನ್. ಏಳು ವರ್ಷವಿರಬಹುದು.
ಕೊರಳಪಟ್ಟಿಯ ನಂಬರು ನಲವತ್ತೊಂದು.
ಎರಡು ಗಂಟೆಗೊಮ್ಮೆ ಆಕಾಶಕ್ಕೆ ಹೇಳುತ್ತಾಳೆ:
ಇಲ್ಲಿದ್ದೇನೆ.
ಅಷ್ಟೇ. ಯಾಕೆ ಅಂತ ಹೇಳುವುದಿಲ್ಲ.

ಯಾಕೆ ಅನ್ನುವುದು ನನ್ನ ಪಾಲಿನ ಕೆಲಸ.
ಸೈನ್‌ಶಾಂದ್ ಊರಿನ ಎರಡನೇ ಮಹಡಿಯಲ್ಲಿ,
ಗಾಳಿ ಬಾರದಂತೆ ಕಿಟಕಿಯ ಸಂದಿಗೆ ಹಳೇ ಕಾಲುಚೀಲ ತುರುಕಿ,
ಅವಳಿದ್ದ ಒಂದೊಂದು ಚುಕ್ಕಿಗೂ ಜೊತೆಯಾಗಿ
ಹತ್ತು ಚುಕ್ಕಿ ಎಸೆಯುತ್ತೇನೆ ನಕ್ಷೆಯ ಮೇಲೆ,
ಅಜ್ಜಿ ಕುರಿಯ ಹರಡುಮೂಳೆ ಎಸೆದು
ಶಕುನ ನೋಡುತ್ತಿದ್ದಳಲ್ಲ, ಹಾಗೆ.
ಹೋಗಬಹುದಿತ್ತು, ಹೋಗಲಿಲ್ಲ, ಅಂಥ ಹತ್ತು ಜಾಗ.
ಇದ್ದಲ್ಲಿಗೆ ಒಂದು. ಇರದಲ್ಲಿಗೆ ಸೊನ್ನೆ.
ನೀರು ಎಷ್ಟು ದೂರ, ಹುಲ್ಲು ಎಷ್ಟು ಹಸಿರು,
ಇಳಿಜಾರು, ಹಿಮದ ದಪ್ಪ, ಮನುಷ್ಯರ ಹೊಗೆ,
ಎಲ್ಲ ಅಳೆದು ತೂಗಿದ ಮೇಲೆ
ಒಂದಕ್ಕೂ ಸೊನ್ನೆಗೂ ಉಳಿಯುವ ಅಂತರಕ್ಕೆ
ಇಷ್ಟ ಎಂದು ಹೆಸರು.

ಲದ್ದಿಯೂ ಬರುತ್ತದೆ, ಕಾಗದದ ಪೊಟ್ಟಣದಲ್ಲಿ,
ಡ್ರೈವರ್ ಮಗ್ಸರನ ಕೋಟಿನ ಜೇಬಿನಿಂದ,
ಸಿಗರೇಟಿನ ವಾಸನೆ ಹತ್ತಿಕೊಂಡು.
ತೊಳೆದು ಸೋಸಿ ಗಾಜಿನ ಮೇಲೆ ಹರಡಿದರೆ
ಗರಿಹುಲ್ಲಿನ ಸಿಪ್ಪೆ, ಸಕ್ಸೌಲಿನ ನಾರು.
ಕಾಡೀರುಳ್ಳಿ ಮಾತ್ರ ಕಾಣುವುದೇ ಅಪರೂಪ.
ಎಳೆಯದು, ಪೂರಾ ಅರಗಿಹೋಗುತ್ತದೆ.
ಹೆಚ್ಚು ರುಚಿಸಿದ್ದೇ
ಗುರುತು ಬಿಡದೆ ಹೋಗುವುದುಂಟು,
ಅದಕ್ಕೊಂದು ತಿದ್ದುಪಡಿಯ ಕೋಷ್ಟಕವಿದೆ,
ನಾನದನ್ನು ಅಷ್ಟಾಗಿ ನಂಬುವುದಿಲ್ಲ.

ಮಾರ್ಚಿಯಲ್ಲಿ ಚೋಗ್ಸೋಮ್ ಬಂದ.
ಒಣಹೊಳೆಯ ಆಚೆ ಒಂಟೆ ಸಾಕುವವನು,
ಬ್ಯಾಂಕಿನ ಕೆಲಸಕ್ಕೆ ಪೇಟೆಗೆ ಬಂದಿದ್ದ.
ಉಪ್ಪು ಚಹಾ ಹೀರುತ್ತ ನಕ್ಷೆಯ ಮೇಲೆ ಬೆರಳಿಟ್ಟ.
ಬಿರುಕು ಬಿಟ್ಟ ಉಗುರು.
ಇದು ನನ್ನ ಬಾವಿ. ಇಲ್ಲಿ ನನ್ನ ನಾಯಿ,
ಖುಲಾನ್ ಇರಲಿ, ನನ್ನ ಅಳಿಯನೇ ಹತ್ತಿರ ಬರುವುದಿಲ್ಲ.
ಇದು ಹೋದ ವರ್ಷ ತೋಡಿದ ಗಣಿಯ ಗುಂಡಿ.
ಬೆರಳು ಪೂರ್ವಕ್ಕೆ ಸರಿಯಿತು,
ರೈಲುಹಳಿ ದಾಟಿತು.
ಇವೆಲ್ಲ ಏನು?

ಅವಳು ಆರಿಸದ ಜಾಗಗಳು, ಎಂದೆ.

ಅವನು ನಗಲಿಲ್ಲ. ಚಹಾ ಮುಗಿಸಿದ.
ಹಳಿಯ ಎರಡೂ ಬದಿಗೆ ಮುಳ್ಳುತಂತಿ ಇದೆ ಮಗಳೇ,
ನೀನು ನೋಡಿದ್ದೀಯ, ಅದರ ಪಕ್ಕದಲ್ಲೇ ಬೆಳೆದವಳು.
ಫೆಬ್ರವರಿಯಲ್ಲಿ ಈಚೆ ಹಿಮ ಗಾಜಾಗಿತ್ತು,
ಗೊರಸು ಬಡಿದರೂ ಒಡೆಯದಷ್ಟು.
ಆಚೆ ಗಾಳಿ ಗುಡಿಸಿಟ್ಟ ನೆಲ, ಗರಿಹುಲ್ಲು.
ಮೂರು ದಿನ ನಿಂತಿದ್ದವು.
ಮೂಗಿಗೆ ಬಂದದ್ದು ಬಾಯಿಗೆ ಬರಲಿಲ್ಲ.
ನೀನು, ಮೂಗು ಮುರಿದವು, ಅಂತ ಬರೆದಿದ್ದೀಯ.

ಅವನು ಹೋದ ಮೇಲೆ ನಕ್ಷೆಯನ್ನು
ಹಳಿಯ ಗುಂಟ ಕತ್ತರಿಸಿದೆ.
ಆಚೆಯ ಸೊನ್ನೆಗಳನ್ನು ಒಂದೊಂದಾಗಿ ಅಲ್ಲ,
ಒಂದೇ ಸಾಲಿನ ಆಜ್ಞೆಯಲ್ಲಿ ಅಳಿಸಿದೆ.
ಸೂತ್ರ ಮತ್ತೆ ಓಡಿತು, ರಾತ್ರಿ ಹನ್ನೊಂದರವರೆಗೆ.
ಗರಿಹುಲ್ಲಿನ ಮುಂದಿದ್ದ ಋಣ ಚಿಹ್ನೆ
ಧನವಾಗಿತ್ತು.
ಅಂದರೆ ಹಸಿವು ಮೊದಲಿಂದಲೂ ಇತ್ತು,
ನಾನು ಅದನ್ನು ತಿರಸ್ಕಾರ ಎಂದು ಓದಿದ್ದೆ,
ಎರಡು ವರದಿಗಳಲ್ಲಿ, ಬಣ್ಣದ ಪಟಗಳ ಸಮೇತ.

ಆಮೇಲೆ ಹಳೆಯ ಕಡತ ತೆಗೆದು ನೋಡಿದೆ.
ಹನ್ನೊಂದರಿಂದ ಹದಿಮೂರನೇ ತಾರೀಕು,
ಮೂವತ್ತಾರು ಚುಕ್ಕಿ, ತಂತಿಯ ಪಕ್ಕ,
ದಾರ ಹಿಡಿದು ಎಳೆದಂಥ ಗೆರೆ.
ಪ್ರಾಣಿ ಇಷ್ಟು ನೇರ ನಡೆಯುವುದಿಲ್ಲ,
ಯಂತ್ರದ ದೋಷವಿರಬೇಕು, ಅಂತ
ಆಗ ಪಕ್ಕದಲ್ಲಿ ಬರೆದುಕೊಂಡಿದ್ದೆ. ನನ್ನದೇ ಅಕ್ಷರ.

ಮೂವತ್ತೇಳನೆಯದು ಪಶ್ಚಿಮಕ್ಕೆ,
ಬಂದ ದಾರಿಯಲ್ಲೇ, ಗಾಜಿನ ಹಿಮಕ್ಕೆ.
ಅದಕ್ಕೆ ಏನು ಬರೆಯಬೇಕೋ
ಇನ್ನೂ ಹೊಳೆದಿಲ್ಲ.
ಇದ್ದಳಲ್ಲ, ನಿಯಮ ನಿಯಮವೇ.
ಒಂದು ಎಂದು ಹಾಕಿದ್ದೇನೆ.